ನೂರಾ ಹನ್ನೆರಡನೆಯ ಪುಟ

ಮಹದೇವ್ ಆ ದಿನ ಹೇಳಿದ್ದು ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮುಂದೆ ನಡೆದದ್ದನ್ನೆಲ್ಲ ಕೇಳಿದ ಮೇಲೆ ಯಾರೂ ನಂಬುವುದಿಲ್ಲ.

ಏಪ್ರಿಲ್ ತಿಂಗಳ ಮೊದಲ ಶನಿವಾರ ಅವನ ಮಗಳು ಅನುವಿನ ಶಾಲೆಯಲ್ಲಿ ಪೋಷಕರ ಸಭೆ ನಡೆದಿತ್ತು. ಅನು ಒಂಬತ್ತನೆಯ ತರಗತಿ ಮುಗಿಸಿ ಹತ್ತಕ್ಕೆ ಕಾಲಿಡುವವಳು. ಕನ್ನಡ ಕಲಿಸುವ ಸೀತಾ ಮೇಡಂ ಎದ್ದು ನಿಂತು, ಈ ಸಲದ ಬೇಸಿಗೆ ರಜೆಯಲ್ಲಿ ಪ್ರತಿಯೊಂದು ಮಗುವೂ ಐದು ಕನ್ನಡ ಪುಸ್ತಕ ಓದಬೇಕು, ಒಂದೊಂದರ ಮೇಲೂ ಒಂದೊಂದು ಪುಟ ಬರೆದು ತರಬೇಕು ಎಂದರು. ಪೋಷಕರಲ್ಲಿ ಗುಜುಗುಜು ಎದ್ದಿತು. ಹತ್ತನೇ ಕ್ಲಾಸಿನ ಟ್ಯೂಷನ್ ಮುಂದಿನ ವಾರವೇ ಶುರುವಾಗುತ್ತದಲ್ಲ ಎಂದರು ಒಬ್ಬರು. ಪಾಠದ ಪುಸ್ತಕವನ್ನೇ ಮುಟ್ಟದವರು ಇನ್ನು ಕಥೆ ಪುಸ್ತಕ ಮುಟ್ಟುತ್ತಾರೆಯೇ ಎಂದರು ಇನ್ನೊಬ್ಬರು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಮಧ್ವೇಶ್ ಎಂಬ ಎಂಜಿನಿಯರು ಎದ್ದು, ಬಸವೇಶ್ವರನಗರದ ತಮ್ಮ ಮನೆಯಲ್ಲಿ ಮುನ್ನೂರು ಪುಸ್ತಕಗಳಿವೆ, ಆ ಕಡೆಯ ಮಕ್ಕಳೆಲ್ಲ ಬಂದು ಓದಬಹುದು ಎಂದು ಹೇಳಿ, ಕನ್ನಡಕ ಸರಿಮಾಡಿಕೊಂಡು ಕುಳಿತರು. ಮೇಡಂ ಎಲ್ಲರಿಂದ ಚಪ್ಪಾಳೆ ಹೊಡೆಸಿದರು.

ಆ ಚಪ್ಪಾಳೆ ನೇರವಾಗಿ ಮಹದೇವನ ತಲೆಗೇರಿತು. ಮಾಗಡಿ ರೋಡಿನ ಟೈಲ್ಸ್ ಮತ್ತು ಸ್ಯಾನಿಟರಿ ಸಾಮಾನಿನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿದು ಮ್ಯಾನೇಜರಾದವನು ಅವನು. ಆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಯಾರೂ ಅವನಿಗೆ ಚಪ್ಪಾಳೆ ಹೊಡೆದಿರಲಿಲ್ಲ. ವಾಶ್ ಬೇಸಿನ್ ಮಾರಿದವನಿಗೆ ಯಾರು ಹೊಡೆಯುತ್ತಾರೆ? ಅವನು ಎದ್ದು ನಿಂತ. ಎದ್ದು ನಿಂತದ್ದು ಅವನಿಗೇ ಆಮೇಲೆ ಗೊತ್ತಾಯಿತು.

"ನಮ್ಮ ಮನೇಲಿ ಒಂಬೈನೂರಕ್ಕೂ ಮೇಲಿದೆ ಮೇಡಂ" ಎಂದ.

ಸಭೆ ತಿರುಗಿ ನೋಡಿತು. ಮಧ್ವೇಶ್ ಕನ್ನಡಕ ತೆಗೆದು ನೋಡಿದರು. ಸೀತಾ ಮೇಡಂ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಇಷ್ಟು ದಿನ ಇದನ್ನು ಯಾಕೆ ಬಚ್ಚಿಟ್ಟಿದ್ದಿರಿ ಎಂದು ಕೇಳಿದರು. ಚಪ್ಪಾಳೆ ಈ ಸಲ ತಾನಾಗಿಯೇ ಬಂತು. ಅದು ನಿಲ್ಲುವ ಮೊದಲೇ ಮೇಡಂ ತೀರ್ಮಾನ ಹೇಳಿದರು: ಗೋವಿಂದರಾಜನಗರ, ಚಂದ್ರಾ ಲೇಔಟ್ ಕಡೆಯ ಹದಿನಾಲ್ಕು ಮಕ್ಕಳು ಪುಸ್ತಕಕ್ಕಾಗಿ ಎಲ್ಲೂ ಅಲೆಯಬೇಕಾಗಿಲ್ಲ, ನಾಳೆ ಭಾನುವಾರ ಹತ್ತು ಗಂಟೆಗೆ ಮಹದೇವ್ ಅವರ ಮನೆಗೆ ಹೋಗಲಿ.

ಮನೆಗೆ ಬಂದು ವಿಷಯ ತಿಳಿಸಿದಾಗ ಅವನ ಹೆಂಡತಿ ಕಲಾ ಒಗ್ಗರಣೆ ಸೌಟನ್ನು ಹಾಗೇ ಹಿಡಿದು ನಿಂತಳು.

"ಒಂಬೈನೂರು ಇರೋದೇನೋ ನಿಜ. ಎಲ್ಲಾ ಒಂದೇ ಪುಸ್ತಕ ಅಂತ ಹೇಳಿದ್ರಾ?"

"ಅದನ್ನ ಅವ್ರು ಕೇಳ್ಲಿಲ್ಲ ಕಣೇ" ಎಂದ ಮಹದೇವ್.

ವಿಷಯ ಹೀಗಿತ್ತು. ಕಲಾಳ ತಂದೆ ನಾರಾಯಣಪ್ಪನವರು ಬಿನ್ನಿಪೇಟೆಯ ಬಟ್ಟೆ ಮಿಲ್ಲಿನಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿದವರು. ಕೆಲಸ ಮುಗಿದ ಮೇಲೆ ಕೈ ಸುಮ್ಮನಿರದೆ ತಮ್ಮ ಬದುಕಿನ ಕಥೆ ಬರೆದರು. 'ಮಿಲ್ಲಿನ ಸೈರನ್ನೂ ನನ್ನ ಸಂಸಾರವೂ' ಎಂದು ಹೆಸರಿಟ್ಟು, ಹನ್ನೆರಡು ವರ್ಷದ ಹಿಂದೆ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಬಿಡುಗಡೆಯ ದಿನ ಬಂದವರಿಗೆ ಕಾಫಿಯ ಜೊತೆ ಒಂದೊಂದು ಕೊಟ್ಟು ಕಳಿಸಿದ್ದಾಯಿತು. ಉಳಿದ ಒಂಬೈನೂರ ಮೂವತ್ತು ಪ್ರತಿಗಳು, ಕೆಂಗೇರಿಯಲ್ಲಿರುವ ಮಗ ಶಶಿಕುಮಾರನ ಫ್ಲ್ಯಾಟಿನಲ್ಲಿ ಜಾಗವಿಲ್ಲವೆಂದು, ಮಗಳ ಮನೆಯ ಒಳಕೋಣೆಗೆ ಬಂದು ಕುಳಿತವು. ಮಾವನ ಮೇಲಿನ ಗೌರವದಿಂದ ಮಹದೇವ್ ಬೇಡವೆನ್ನಲಿಲ್ಲ. ಅದೇ ಗೌರವದಿಂದ ಒಂದು ದಿನವೂ ಒಂದು ಕಟ್ಟನ್ನೂ ಬಿಚ್ಚಲಿಲ್ಲ. ಎರಡು ಸಾಲು ಓದಿದರೆ ಅವನಿಗೆ ಕಣ್ಣು ಎಳೆಯುತ್ತಿತ್ತು. ಟೈಲ್ಸಿನ ಕ್ಯಾಟಲಾಗ್ ಒಂದನ್ನು ಬಿಟ್ಟು ಅವನು ಪೂರ್ತಿ ಓದಿದ ಪುಸ್ತಕವಿರಲಿಲ್ಲ, ಅದರಲ್ಲೂ ಬಹಳ ಪಾಲು ಚಿತ್ರ.

ಕಲಾ ಹೇಳಿದ ಉಪಾಯ ಸರಳವಾಗಿತ್ತು. ಮೇಡಂಗೆ ಫೋನ್ ಮಾಡಿ ನಿಜ ಹೇಳಿಬಿಡಿ ಎಂದಳು. ಮಹದೇವನಿಗೆ ಆ ಉಪಾಯ ಹಿಡಿಸಲಿಲ್ಲ. ಅವನು ಅಂಗಡಿಯ ಕಡೆ ಹೋಗಿ ಕಂದು ಬಣ್ಣದ ರಟ್ಟುಕಾಗದದ ಸುರುಳಿ, ಅಂಟು, ದಪ್ಪ ಮೂತಿಯ ಪೆನ್ನು ತಂದ. ಮಧ್ಯಾಹ್ನವೆಲ್ಲ ಕೂತು ನೂರು ಪುಸ್ತಕಕ್ಕೆ ರಟ್ಟು ಹಾಕಿದ. ಒಳಗಿನ ಮೊದಲ ಹಾಳೆಯ ಮೇಲೂ ಕಾಗದ ಅಂಟಿಸಿದ. ಆಮೇಲೆ ಹೊಸ ಹೆಸರುಗಳು ಬೇಕಾದವು. ಕಥೆ ಪುಸ್ತಕಗಳ ಹೆಸರು ಹೇಗಿರುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಟೈಲ್ಸಿನ ಹೆಸರು. ಐವರಿ ಮಿಸ್ಟ್ ಎಂಬುದನ್ನು 'ದಂತದ ಮಂಜು' ಎಂದು ಬರೆದ. ಸಿಲ್ವರ್ ಆ್ಯಶ್ 'ಬೆಳ್ಳಿ ಬೂದಿ' ಆಯಿತು, ರಫ್ ಸ್ಟೋನ್ 'ಒರಟು ಕಲ್ಲು', ಮಿಡ್‌ನೈಟ್ ಗ್ಲಾಸ್ 'ನಡುರಾತ್ರಿಯ ಗಾಜು'. ಬಚ್ಚಲುಮನೆಗೆ ಹಾಕುವ ಆ್ಯಂಟಿ ಸ್ಕಿಡ್ 'ಜಾರದ ನೆಲ'ವಾಯಿತು. ಬರೆದು ಮುಗಿಸಿ ದೂರ ನಿಂತು ನೋಡಿದ. ತನ್ನೊಳಗೆ ಇಂಥದ್ದೊಂದು ಇತ್ತೆಂದು ಅವನಿಗೇ ತಿಳಿದಿರಲಿಲ್ಲ.

ಒಂದನ್ನು ಮಾತ್ರ ಅವನು ಗಮನಿಸಲಿಲ್ಲ. ನಾರಾಯಣಪ್ಪನವರು ಪುಸ್ತಕದ ಪ್ರತಿಯೊಂದು ಪುಟದ ನೆತ್ತಿಯ ಮೇಲೂ 'ಮಿಲ್ಲಿನ ಸೈರನ್ನೂ ನನ್ನ ಸಂಸಾರವೂ' ಎಂದು ಅಚ್ಚು ಹಾಕಿಸಿದ್ದರು. ಅದು ತಿಳಿಯಬೇಕಾದರೆ ಒಂದು ಪುಟವನ್ನಾದರೂ ತೆರೆಯಬೇಕಾಗಿತ್ತು.

ಭಾನುವಾರ ಅನುವೂ ಸೇರಿ ಹದಿನಾಲ್ಕು ಮಕ್ಕಳು ನೆರೆದರು. ಮಹದೇವ್ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಒಳಕೋಣೆಯ ಬಾಗಿಲಿಗೆ ಅಡ್ಡವಾಗಿ ಮೇಜು ಹಾಕಿ, ಅದರ ಮೇಲೆ ಐದು ಸಾಲು ಪುಸ್ತಕ ಜೋಡಿಸಿಟ್ಟಿದ್ದ. ಓದುವುದರಿಂದ ಮನುಷ್ಯ ಹೇಗೆ ಮನುಷ್ಯನಾಗುತ್ತಾನೆ ಎಂದು ಹತ್ತು ನಿಮಿಷ ಹೇಳಿದ. ರಟ್ಟು ಬಿಚ್ಚಬಾರದು ಎಂದು ಐದು ನಿಮಿಷ ಹೇಳಿದ. ಮಕ್ಕಳು ಹೆಸರು ನೋಡಿ ನೋಡಿ ಆರಿಸಿಕೊಂಡರು. ಅನುವಿನ ಗೆಳತಿ ಸಿಂಚನಾ ಮಾತ್ರ ನಿಂತಲ್ಲೇ 'ಬೆಳ್ಳಿ ಬೂದಿ'ಯನ್ನು ತೆರೆದು ನೋಡಿದಳು, 'ಒರಟು ಕಲ್ಲು' ತೆರೆದು ನೋಡಿದಳು, ಆಮೇಲೆ ಮಹದೇವನ ಮುಖ ನೋಡಿದಳು.

"ತುಂಬಾ ಒಳ್ಳೇ ಕಲೆಕ್ಷನ್ ಅಂಕಲ್" ಎಂದಳು.

ಆ ಸಂಜೆ ವಾಟರ್ ಟ್ಯಾಂಕ್ ಪಾರ್ಕಿನ ಕಲ್ಲುಬೆಂಚಿನ ಸುತ್ತ ಹದಿನಾಲ್ಕು ಮಕ್ಕಳ ಸಭೆ ನಡೆಯಿತು. ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಅನು ತಲೆತಗ್ಗಿಸಿ, ಇದು ನಮ್ಮ ತಾತನ ಪುಸ್ತಕ, ಅಪ್ಪ ಹೀಗೆ ಮಾಡುತ್ತಾರೆಂದು ಗೊತ್ತಿರಲಿಲ್ಲ ಎಂದಳು. ಮೇಡಂಗೆ ಹೇಳೋಣ ಎಂದು ಯಾರೋ ಅಂದಾಗ ಸಿಂಚನಾ ತಡೆದಳು. ಐದು ಪುಸ್ತಕ ಓದಬೇಕಾಗಿದ್ದ ಕಡೆ ಒಂದನ್ನು ಓದಿದರೆ ಮುಗಿಯುತ್ತದೆ, ಇಂಥ ಅವಕಾಶ ಎಸ್ಸೆಸ್ಸೆಲ್ಸಿಗೆ ಮುಂಚೆ ಇನ್ನೊಮ್ಮೆ ಬರುವುದಿಲ್ಲ ಎಂದು ವಿವರಿಸಿದಳು. ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು.

ಆದರೆ ಒಂದು ಪುಸ್ತಕವನ್ನಾದರೂ ಓದಲೇಬೇಕಿತ್ತು. ಓದಿದರು. ಅನುವೂ ಓದಿದಳು. ನೂರಾ ಹನ್ನೆರಡನೆಯ ಪುಟಕ್ಕೆ ಬಂದಾಗ ಅವಳು ಮಂಚದಿಂದ ಕೆಳಗೆ ಜಾರಿದಳು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಮಗಳನ್ನು ಮಹದೇವ್ ಬಾಗಿಲಲ್ಲಿ ನಿಂತು ಪ್ರೀತಿಯಿಂದ ನೋಡಿದ. ಓದು ಎಂದರೆ ಹೀಗಿರಬೇಕು ಎಂದುಕೊಂಡು ಅಂಗಡಿಗೆ ಹೋದ. ಅರ್ಧ ಗಂಟೆಯಲ್ಲಿ ಉಳಿದ ಹದಿಮೂರು ಮಕ್ಕಳಿಗೂ ಆ ಪುಟದ ಸಂಖ್ಯೆ ತಲುಪಿತು. ಸಂಜೆಯ ಹೊತ್ತಿಗೆ ಅವರ ಮನೆಯವರಿಗೆ ತಲುಪಿತು.

ಅಲ್ಲಿಂದ ಮಹದೇವನ ಮನೆಗೆ ದೊಡ್ಡವರು ಬರತೊಡಗಿದರು.

ಮೊದಲು ಬಂದವಳು ಎದುರುಮನೆಯ ಶಿವಕ್ಕ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ನೋವು ಮಾಡಿಕೊಂಡಿದ್ದವಳು, 'ಜಾರದ ನೆಲ' ಕೊಡಿ ಎಂದು ಕೇಳಿ ತೆಗೆದುಕೊಂಡು ಹೋದಳು. ಮಾರನೆಯ ಬೆಳಗ್ಗೆ ಗೇಟಿನ ಬಳಿ ಅವನನ್ನು ತಡೆದು, ಪುಸ್ತಕ ಸೊಂಟಕ್ಕೆ ಬಹಳ ಒಳ್ಳೆಯದಾಯಿತು ಎಂದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ಕೇಳಿದಳು:

"ನಿಧಿನ ನೆನೆಸ್ಕೊಂಡ್ರೆ ಈಗ್ಲೂ ಕಣ್ಣಲ್ಲಿ ನೀರು ಬತ್ತದಾ ಮಾದೇವಣ್ಣ?"

ಮಹದೇವನಿಗೆ ನಿಧಿ ಎಂಬವರು ಯಾರೂ ನೆನಪಾಗಲಿಲ್ಲ. ಆದರೆ ಪುಸ್ತಕದೊಳಗಿನ ಯಾವುದೋ ಪಾತ್ರ ಇರಬೇಕೆಂದು ತಟ್ಟನೆ ಹೊಳೆಯಿತು. ಪುಸ್ತಕ ಓದಿಲ್ಲವೆಂದು ತೋರಿಸಿಕೊಳ್ಳುವಂತಿರಲಿಲ್ಲ. "ಬರ್ದೆ ಇರುತ್ತಾ ಶಿವಕ್ಕ? ಅಷ್ಟು ಸುಲಭಕ್ಕೆ ಮರೆಯೋಕಾಗುತ್ತಾ?" ಎಂದ. ಶಿವಕ್ಕ ಗೇಟನ್ನು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಸೊಂಟದ ನೋವು ಇನ್ನೂ ಪೂರ್ತಿ ಹೋಗಿಲ್ಲವೆಂದು ಅವನು ಮರುಕಪಟ್ಟ.

ಎರಡನೆಯವನು ಬಸ್ ಸ್ಟಾಪಿನ ಪಕ್ಕದ ದರ್ಶಿನಿಯ ಮಾಲೀಕ ಭೈರೇಶ್. ನಾಗರಿಕ ಸಂಘದ ಅಧ್ಯಕ್ಷನೂ ಅವನೇ. ಊರಿನಲ್ಲಿ ಕಲ್ಲುಕ್ವಾರಿ ನೋಡಿಕೊಂಡು ಬೆಳೆದವನಾದ್ದರಿಂದ 'ಒರಟು ಕಲ್ಲು' ತೆಗೆದುಕೊಂಡು ಹೋಗಿದ್ದ. ಓದಿ ಮುಗಿಸಿದ ದಿನ, ತುಂಬಿದ ಹೋಟೆಲಿನಲ್ಲಿ ಮಹದೇವ್ ಕಾಫಿ ಲೋಟಕ್ಕೆ ಕೈಚಾಚಿದಾಗ, ನಿಧಿ ವಿಚಾರ ಕೊನೆಗೆ ಏನಾಯಿತು ಸಾರ್ ಎಂದು ಎಲ್ಲರಿಗೂ ಕೇಳಿಸುವಂತೆ ವಿಚಾರಿಸಿದ. ಸಂಘದ ಅಧ್ಯಕ್ಷ ಕೇಳಿದ್ದರಿಂದ ಇದು ಗ್ರಂಥಾಲಯದ ನಿಧಿಯೇ ಇರಬೇಕೆಂದು ಮಹದೇವನಿಗೆ ಖಚಿತವಾಯಿತು. ಲೋಟ ಕೆಳಗಿಟ್ಟು ಗಂಭೀರವಾಗಿ ಉತ್ತರಿಸಿದ.

"ನಿಧಿ ಅನ್ನೋದು ಒಬ್ರ ಕೈಲಿ ಆಗೋ ಕೆಲಸ ಅಲ್ಲ ಭೈರೇಶ್. ನಾವೆಲ್ಲಾ ಸೇರಿ ಕೈ ಹಾಕ್ಬೇಕು."

ಇಡ್ಲಿ ತಿನ್ನುತ್ತಿದ್ದ ಇಬ್ಬರು ಚಟ್ನಿಯನ್ನು ಮೂಗಿಗೆ ಏರಿಸಿಕೊಂಡರು. ಕ್ಯಾಷಿಯರ್ ಮೇಜಿನ ಕೆಳಗೆ ಏನನ್ನೋ ಹುಡುಕಲು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಭೈರೇಶ್ ಮಾತ್ರ ಮುಖ ಬಿಗಿಹಿಡಿದು, ನಿಮ್ಮಂಥವರು ಈ ಏರಿಯಾದಲ್ಲಿ ಇರುವುದು ನಮ್ಮ ಪುಣ್ಯ, ಸಂಘದಿಂದ ನಿಮಗೊಂದು ಸನ್ಮಾನ ಮಾಡಲೇಬೇಕು ಎಂದ.

ಮಹದೇವ್ ಆ ದಿನ ನಡೆದು ಹೋದದ್ದೇ ಬೇರೆ ರೀತಿ. ರಸ್ತೆಯಲ್ಲಿ ಜನ ಅವನನ್ನು ಕಂಡು ನಗುತ್ತಿದ್ದರು. ಹೂ ಮಾರುವವಳು ನಗುತ್ತಿದ್ದಳು, ಇಸ್ತ್ರಿಯವನು ನಗುತ್ತಿದ್ದ, ಹತ್ತು ವರ್ಷದಿಂದ ಮುಖ ಗಂಟಿಕ್ಕಿಕೊಂಡಿದ್ದ ಹಾಲಿನ ಬೂತಿನ ಹನುಮವ್ವ ಕೂಡ ಹಲ್ಲು ತೋರಿಸಿದಳು. ವಿದ್ಯೆಗೆ ಇಷ್ಟೊಂದು ಮರ್ಯಾದೆಯಿದೆಯೆಂದು ಗೊತ್ತಿದ್ದರೆ ಮೊದಲೇ ಒಂದು ಲೈಬ್ರರಿ ಇಡುತ್ತಿದ್ದೆನಲ್ಲ ಎಂದು ಅವನಿಗೆ ಅನ್ನಿಸಿತು. ಆದರೂ ಒಂದು ಸಣ್ಣ ಅನುಮಾನ ಉಳಿದಿತ್ತು. ಊಟಕ್ಕೆ ಕೂತಾಗ, ನಮ್ಮ ರಸ್ತೆಯಲ್ಲಿ ನಿಧಿ ಎನ್ನುವವರು ಯಾರಾದರೂ ಇದ್ದಾರೆಯೇ ಎಂದು ಕಲಾಳನ್ನು ಕೇಳಿದ. ಕಲಾ ಸಾರಿನ ಪಾತ್ರೆಯ ಕಡೆ ತಿರುಗಿ, ಯಾರೋ ಹೊಸದಾಗಿ ಬಾಡಿಗೆಗೆ ಬಂದಿರಬೇಕು ಎಂದಳು. ಅವಳ ಹೆಗಲು ಅಲುಗುತ್ತಿತ್ತು. ಅನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಓಡಿದಳು.

ಇತ್ತ ಮಕ್ಕಳಿಗೆ ಹೊಸದೊಂದು ತೊಂದರೆ ಎದುರಾಯಿತು. ಒಂದೇ ಪುಸ್ತಕದ ಮೇಲೆ ಐದು ಬೇರೆ ಬೇರೆ ಪುಟ ಬರೆಯಬೇಕು, ಹೆಸರಿಗೆ ತಕ್ಕಂತೆಯೂ ಇರಬೇಕು. ಹಾಗಾಗಿ ಮತ್ತೆ ಮತ್ತೆ ತಿರುವಿಹಾಕಬೇಕಾಯಿತು. 'ಬೆಳ್ಳಿ ಬೂದಿ' ಎಂದರೆ ಮಿಲ್ಲಿನ ಚಿಮಣಿಯಿಂದ ಒಣಗಿಹಾಕಿದ ಬಟ್ಟೆಗಳ ಮೇಲೆ ಉದುರುತ್ತಿದ್ದ ಬೂದಿಯ ಕಥೆ ಎಂದು ಒಬ್ಬಳು ಬರೆದಳು. ಮೂರನೆಯ ಪಾಳಿಯವರು ನಿದ್ದೆ ಬಾರದಿರಲೆಂದು ಹಂಚಿಕೊಂಡು ಕುಡಿಯುತ್ತಿದ್ದ ಟೀ ಲೋಟವೇ 'ನಡುರಾತ್ರಿಯ ಗಾಜು' ಎಂದು ಇನ್ನೊಬ್ಬ ಬರೆದ. ಮುಷ್ಕರದ ದಿನಗಳಲ್ಲಿ ನಾರಾಯಣಪ್ಪನವರ ಹೆಂಡತಿ ಚಿಕ್ಕಗಂಗಮ್ಮ ಮನೆಮನೆಗೆ ಹೋಗಿ ಊದುಬತ್ತಿ ಹೊಸೆದು ಸಂಸಾರ ಹಿಡಿದು ನಿಲ್ಲಿಸಿದ್ದೇ 'ಜಾರದ ನೆಲ' ಎಂದು ಸಿಂಚನಾ ಬರೆದಳು. ಬರೆಯುವಾಗ ಅವಳ ತುಂಟತನ ಸ್ವಲ್ಪ ಹೊತ್ತು ಎಲ್ಲೋ ಹೋಗಿತ್ತು. ಕೆಲಸ ತಪ್ಪಿಸಿಕೊಳ್ಳಲು ಹೊರಟ ಮಕ್ಕಳು ಮೇ ತಿಂಗಳ ಹೊತ್ತಿಗೆ ಪುಸ್ತಕವನ್ನು ಐದೈದು ಸಲ ಓದಿದ್ದರು. ಪ್ರತಿ ಬರಹದ ಕೆಳಗೂ 'ಈ ಪುಸ್ತಕವನ್ನು ನಾನೂ ಓದಿದ್ದೇನೆ' ಎಂದು ಮಕ್ಕಳು ಬರೆದು ತಂದಿದ್ದ ಸಾಲಿನ ಮುಂದೆ ಮಹದೇವ್ ಸಹಿ ಹಾಕಿದ. ಹದಿನಾಲ್ಕೈದಲಿ ಎಪ್ಪತ್ತು ಸಹಿ. ಎಪ್ಪತ್ತೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಮಕ್ಕಳು ರಜೆ ಮುಗಿಯುವ ಮೊದಲೇ ಮುಟ್ಟಿಸಿದ ಆ ಬರಹಗಳನ್ನು ಓದಿ ಸೀತಾ ಮೇಡಂ ಬೆರಗಾದರು. ಮೇ ಎರಡನೆಯ ವಾರ ಫೋನ್ ಕೂಡ ಮಾಡದೆ ಲೈಬ್ರರಿ ನೋಡಲೆಂದು ಮನೆಗೇ ಬಂದುಬಿಟ್ಟರು. ಮಹದೇವ್ ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಗೆದ್ದಲಿಗೆ ಔಷಧಿ ಹೊಡೆಸಿದ್ದೇನೆ, ಒಳಗೆ ಹೋದರೆ ತಲೆ ತಿರುಗುತ್ತದೆ ಎಂದ. ಈ ಹೆಸರುಗಳನ್ನೆಲ್ಲ ನಾನು ಕೇಳಿಯೇ ಇಲ್ಲವಲ್ಲ, ಎಲ್ಲಿ ಸಿಕ್ಕಿದವು ಎಂದು ಮೇಡಂ ಕೇಳಿದರು. ಹೊರಗೆ ಎಲ್ಲೂ ಸಿಗುವುದಿಲ್ಲ ಮೇಡಂ ಎಂದ. ಅದಂತೂ ನಿಜವಾಗಿತ್ತು. ಮೇಡಂ ಮೇಜಿನ ಮೇಲಿದ್ದ 'ದಂತದ ಮಂಜು' ಮತ್ತು 'ನಡುರಾತ್ರಿಯ ಗಾಜು' ಎರಡನ್ನೂ ಬ್ಯಾಗಿಗೆ ಹಾಕಿಕೊಂಡು, ಮಜ್ಜಿಗೆ ಕುಡಿದು ಹೋದರು.

ಮೂರು ದಿನ ಮಹದೇವ್ ಫೋನ್ ಸದ್ದಾದಾಗಲೆಲ್ಲ ಬೆಚ್ಚಿದ. ನಾಲ್ಕನೆಯ ದಿನ ಅವರ ಫೋನ್ ಬಂತು. ಸ್ವರ ತಣ್ಣಗಿತ್ತು. ಶಾಲೆ ತೆರೆದ ಮೊದಲ ಶನಿವಾರ ಒಂದು ಕಾರ್ಯಕ್ರಮ ಇಟ್ಟುಕೊಳ್ಳೋಣ, ಮಕ್ಕಳು ಇಷ್ಟು ಚೆನ್ನಾಗಿ ಓದಿದ್ದಾರೆ, ಲೇಖಕರನ್ನೂ ಕರೆಸೋಣ ಎಂದರು.

"ಯಾವ ಲೇಖಕರನ್ನ ಮೇಡಂ?"

"ಐದೂ ಪುಸ್ತಕದ ಲೇಖಕರನ್ನ."

ಅವರೆಲ್ಲ ಬಹಳ ದೂರ ದೂರ ಇರುವವರು, ವಯಸ್ಸಾದವರು, ಒಬ್ಬೊಬ್ಬರದು ಒಂದೊಂದು ದಿಕ್ಕು ಎಂದು ಮಹದೇವ್ ತಡವರಿಸಿದ.

"ಯೋಚ್ನೆ ಮಾಡ್ಬೇಡಿ ಮಹದೇವ್ ಅವ್ರೇ, ಎಲ್ರೂ ಒಂದೇ ಆಟೋದಲ್ಲಿ ಬರ್ತಾರೆ" ಎಂದು ಮೇಡಂ ಫೋನ್ ಇಟ್ಟರು.

ಇನ್ನೊಬ್ಬನಾದರೆ ಅಲ್ಲೇ ಎಲ್ಲ ಅರ್ಥಮಾಡಿಕೊಳ್ಳುತ್ತಿದ್ದ. ಮಹದೇವನನ್ನು ಕಾಡಿದ್ದು ಐದು ಜನ ಒಂದು ಆಟೋದಲ್ಲಿ ಹೇಗೆ ಹಿಡಿಸುತ್ತಾರೆ ಎಂಬ ಪ್ರಶ್ನೆ. ಅವನು ನೇರವಾಗಿ ದರ್ಶಿನಿಗೆ ಓಡಿ, ಭೈರೇಶನನ್ನು ಹಿಟ್ಟು ರುಬ್ಬುವ ಕೋಣೆಗೆ ಕರೆದೊಯ್ದು, ಐದು ಪುಸ್ತಕವೂ ಒಂದೇ ಎಂಬ ಗುಟ್ಟನ್ನು ಕಿವಿಯಲ್ಲಿ ಹೇಳಿದ. ತಿಂಗಳ ಹಿಂದೆಯೇ ಗೊತ್ತಿದ್ದ ಆ ಗುಟ್ಟನ್ನು ಕೇಳಿ ಭೈರೇಶ್ ಎರಡು ಕೈಯನ್ನೂ ಕೆನ್ನೆಗಿಟ್ಟುಕೊಂಡು ಆಶ್ಚರ್ಯಪಟ್ಟ. ಐದು ಜನ ಸಾಹಿತಿಗಳನ್ನು ತಾನು ಹೊಂದಿಸುವುದಾಗಿ ಧೈರ್ಯ ಹೇಳಿದ. ಕ್ಯಾಷಿಯರನಿಗೆ ಗಡ್ಡವಿರುವುದರಿಂದ ಕವಿಯಾಗಬಹುದು. ದೋಸೆ ಭಟ್ಟನಿಗೆ ಯಾರ ಮಾತೂ ಕೇಳಿಸುವುದಿಲ್ಲ, ಆದ್ದರಿಂದ ದೊಡ್ಡ ಕಾದಂಬರಿಕಾರನೆಂದು ನಂಬಿಸಬಹುದು. ಉಳಿದ ಮೂವರೂ ಹೋಟೆಲಿನವರೇ, ಐವರಿಗೂ ಜುಬ್ಬಾ ಹೊಲಿಸಬೇಕು. ಮಹದೇವ್ ಮುಂದಿನ ಹತ್ತು ದಿನ ಜುಬ್ಬಾದ ಅಳತೆ ಹಿಡಿದುಕೊಂಡು ಓಡಾಡಿದ. ಹೋಟೆಲಿನವರು ಅಳತೆಗೆ ಬಹಳ ಶ್ರದ್ಧೆಯಿಂದ ಕೈ ಎತ್ತಿ ನಿಂತರು.

ಕಾರ್ಯಕ್ರಮದ ದಿನ ಹತ್ತು ಗಂಟೆಗೆ ಶಾಲೆಯ ಗೇಟಿನ ಮುಂದೆ ಆಟೋ ಬಂದು ನಿಂತಿತು. ಅದರಿಂದ ಇಳಿದವರು ಹಸಿರು ಅಂಚಿನ ಪಂಚೆ, ಬಿಳಿ ಶರ್ಟು ತೊಟ್ಟ ನಾರಾಯಣಪ್ಪನವರು, ಅವರ ಹಿಂದೆ ಚಿಕ್ಕಗಂಗಮ್ಮ. ಇನ್ನು ಯಾರೂ ಇಳಿಯಲಿಲ್ಲ. ಮಹದೇವ್ ಬಗ್ಗಿ ಆಟೋದೊಳಗೆ ನೋಡಿದ. ಖಾಲಿಯಾಗಿತ್ತು. ಸೀತಾ ಮೇಡಂ ಮಲ್ಲಿಗೆ ಹಾರ ಹಿಡಿದು ಬಂದು ನಾರಾಯಣಪ್ಪನವರಿಗೆ ಹಾಕಿ, ಬನ್ನಿ ಸಾರ್, ಐದೂ ಪುಸ್ತಕದ ಲೇಖಕರಿಗೆ ಸ್ವಾಗತ ಎಂದರು. ಆಗ ಮಹದೇವನಿಗೆ ಹೊಳೆಯಿತು. ತಪ್ಪಿಸಿಕೊಳ್ಳಲು ಹಿಂದೆ ತಿರುಗಿದರೆ ಅಲ್ಲಿ ಭೈರೇಶ್ ನಿಂತಿದ್ದ, ಅವನ ಪಕ್ಕದಲ್ಲಿ ಜುಬ್ಬಾ ತೊಟ್ಟ ಐವರೂ ಕೈಮುಗಿದುಕೊಂಡು ನಿಂತಿದ್ದರು.

ಸಭಾಂಗಣ ತುಂಬಿತ್ತು. ಹದಿನಾಲ್ಕು ಮಕ್ಕಳು, ಅವರ ಮನೆಯವರು, ಶಿವಕ್ಕ, ಹೋಟೆಲಿನವರು, ಮುನ್ನೂರು ಪುಸ್ತಕದ ಮಧ್ವೇಶ್. ಮೇಡಂ ಮೈಕಿನ ಮುಂದೆ ನಿಂತು ಯಾರನ್ನೂ ಬಯ್ಯಲಿಲ್ಲ. ಈ ಮಕ್ಕಳು ನನಗೆ ಎಪ್ಪತ್ತು ಪುಟ ಬರೆದುಕೊಟ್ಟಿದ್ದಾರೆ, 'ದಂತದ ಮಂಜು' ಓದಲು ಕೂತ ದಿನ ಅದು ಯಾವ ಪುಸ್ತಕವೆಂದು ನನಗೆ ತಿಳಿಯಿತು, ಸಿಟ್ಟು ಮಾಡಿಕೊಳ್ಳಬೇಕೆಂದುಕೊಂಡೇ ಕೊನೆಯ ಪುಟದವರೆಗೂ ಓದಿಬಿಟ್ಟೆ ಎಂದರು. ಆಮೇಲೆ, ಈ ಪುಸ್ತಕವನ್ನು ಓದಿದ್ದೇನೆಂದು ಎಪ್ಪತ್ತು ಸಲ ಸಹಿ ಹಾಕಿದವರು ನಮ್ಮ ನಡುವೆ ಒಬ್ಬರಿದ್ದಾರೆ, ಅವರಿಗೆ ಇಷ್ಟವಾದ ಒಂದು ಪುಟ ಓದಿ ಕೇಳಿಸಲಿ ಎಂದು ಮಹದೇವನನ್ನು ವೇದಿಕೆಗೆ ಕರೆದರು.

ಯಾವ ಪುಟವೆಂದು ತೋಚದೆ ಅವನು ಪುಸ್ತಕ ಹಿಡಿದು ನಿಂತ. ಹದಿನಾಲ್ಕು ಮಕ್ಕಳೂ ಒಂದೇ ಸ್ವರದಲ್ಲಿ ಸಹಾಯ ಮಾಡಿದರು.

"ನೂರಾ ಹನ್ನೆರಡು ಅಂಕಲ್."

ಅವನು ಕೃತಜ್ಞತೆಯಿಂದ ಅವರ ಕಡೆ ನಕ್ಕು, ಪುಟ ತೆಗೆದು, ಗಂಟಲು ಸರಿಮಾಡಿಕೊಂಡು ಓದತೊಡಗಿದ.

"ಮಗಳನ್ನು ನೋಡಲು ಮೊದಲು ಬಂದ ಗಂಡು ಉಗುರು ಕಚ್ಚುತ್ತಿತ್ತು. ಎರಡನೆಯದು ಮೀಸೆ ಕಚ್ಚುತ್ತಿತ್ತು."

ಮಹದೇವ್ ತಾನೇ ಮೊದಲು ನಕ್ಕ. ಮಾವನಿಗೆ ಇಷ್ಟು ಚೆನ್ನಾಗಿ ಬರೆಯಲು ಬರುತ್ತದೆಯೇ ಎಂದು ಮೆಚ್ಚುಗೆಯಿಂದ ಮುಂದಿನ ಸಾಲಿಗೆ ಹೋದ.

"ಮೂರನೆಯದು ಮಾಗಡಿ ರೋಡಿನ ಕಕ್ಕಸು ಸಾಮಾನಿನ ಅಂಗಡಿಯದು. ಹೆಸರು ಬೇಡ, ಈಗ ಅವರು ನಮ್ಮ ಮನೆಯವರು."

ನಗು ಅರ್ಧಕ್ಕೆ ನಿಂತಿತು. ಕಣ್ಣು ಮಾತ್ರ ತಾನಾಗಿ ಕೆಳಗಿನ ಸಾಲುಗಳಿಗೆ ಇಳಿಯಿತು, ಬಾಯಿ ಅದರ ಹಿಂದೆಯೇ ಹೋಯಿತು.

"ಬೋಂಡಾ ತಟ್ಟೆ ಇಟ್ಟೆವು. ಗಂಡು ಒಂದು ಮಾತೂ ಆಡದೆ ಹನ್ನೊಂದು ಬೋಂಡಾ ತಿಂದಿತು. ಓದುವ ಹವ್ಯಾಸವಿದೆಯೇ ಎಂದು ಕೇಳಿದೆ. ಓದದಿದ್ದರೆ ನಿದ್ದೆಯೇ ಬರುವುದಿಲ್ಲ ಎಂದಿತು. ಇತ್ತೀಚೆಗೆ ಏನು ಓದಿದಿರಿ ಎಂದೆ. ಗಂಡಿನ ಕಣ್ಣು ಮನೆಯೆಲ್ಲ ಸುತ್ತಿ ಬೀರುವಿನ ಮೇಲೆ ನಿಂತಿತು. ಅಲ್ಲಿದ್ದದ್ದು ಒಂದೇ ಪುಸ್ತಕ. 'ಭವಿಷ್ಯನಿಧಿ ಓದಿದೆ ಸಾರ್' ಎಂದಿತು. ಹೇಗಿತ್ತು ಎಂದೆ. 'ಪಾಪ, ಕೊನೆಗೆ ಆ ನಿಧಿಯ ಗತಿ ನೋಡಿ ಕಣ್ಣಲ್ಲಿ ನೀರು ಬಂತು' ಎಂದಿತು. ಅದು ನಮ್ಮ ಮಿಲ್ಲಿನ ಕಾರ್ಮಿಕರ ಭವಿಷ್ಯನಿಧಿ ನಿಯಮಾವಳಿ. ಅದರ ಹದಿನಾಲ್ಕನೆಯ ನಿಯಮವನ್ನು ಅರ್ಥಮಾಡಿಕೊಳ್ಳಲು ಹೋಗಿ ನನಗೂ ಕಣ್ಣಲ್ಲಿ ನೀರು ಬಂದದ್ದುಂಟು. ಆದ್ದರಿಂದ ನಾನೇನೂ ಆಡಲಿಲ್ಲ."

ಸಭೆಯಲ್ಲಿ ಆಮೇಲೆ ಎದ್ದ ನಗುವಿಗೆ ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಶಿವಕ್ಕ ಸೊಂಟ ಹಿಡಿದುಕೊಂಡಳು. ದೋಸೆ ಭಟ್ಟ ಏನೂ ಕೇಳಿಸದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕ. ಒಂದು ಬೇಸಿಗೆಯಿಡೀ ಕಂಡ ನಗುಮುಖಗಳೆಲ್ಲ, ಹೂವಿನವಳದ್ದು, ಇಸ್ತ್ರಿಯವನದ್ದು, ಹನುಮವ್ವನದ್ದು, ಒಂದೊಂದಾಗಿ ಮಹದೇವನ ಕಣ್ಣ ಮುಂದೆ ಹಾದುಹೋದವು. ಇಡೀ ಗೋವಿಂದರಾಜನಗರಕ್ಕೆ ಈ ಪುಟವನ್ನು ರಟ್ಟು ಹಾಕಿ, ಹೆಸರಿಟ್ಟು, ತನ್ನ ಕೈಯಾರೆ ಹಂಚಿದವನು ತಾನೇ. ಕಿವಿಯ ತುದಿಯವರೆಗೂ ಬಿಸಿಯೇರಿತು. ಪುಸ್ತಕ ಮುಚ್ಚಿ ಇಳಿದುಹೋಗಬೇಕೆಂದು ಅವನು ಬೆರಳು ತೆಗೆದ.

ಆಗ ಮೊದಲ ಸಾಲಿನಲ್ಲಿ ಮಾವ ಕಂಡರು. ಅವರು ನಗುತ್ತಿರಲಿಲ್ಲ. ಹಾರವನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯನ್ನು ಕಿವಿಗೆ ಆನಿಸಿ, ತಾವು ಬರೆದ ಮಾತು ಮೈಕಿನಲ್ಲಿ ಕೇಳಿಬರುವುದನ್ನು ಆಲಿಸುತ್ತಿದ್ದರು. ಹನ್ನೆರಡು ವರ್ಷ ಕಟ್ಟು ಬಿಚ್ಚದೆ ಕೂತಿದ್ದ ಮಾತುಗಳು ಅವು. ಮುಂದಿನ ಸಾಲು ಅವರ ತುಟಿಯ ಮೇಲೆ ಆಗಲೇ ಸಿದ್ಧವಾಗಿತ್ತು. ಪುಸ್ತಕ ಮುಚ್ಚಲು ಮಹದೇವನ ಕೈಲಾಗಲಿಲ್ಲ. ನಗು ಇಳಿಯುವವರೆಗೂ ಕಾದು, ಮುಂದಕ್ಕೆ ಓದಿದ.

"ಅವರು ಹೋದ ಮೇಲೆ ನನ್ನ ಹೆಂಡತಿ, ಇಂಥ ಸುಳ್ಳುಗಾರನಿಗೆ ಹೆಣ್ಣು ಕೊಡುವುದೇ ಎಂದು ಕೇಳಿದಳು. ಸುಳ್ಳನ್ನು ಎಲ್ಲ ಗಂಡಸರೂ ಹೇಳುತ್ತಾರೆ, ಇವನು ಹೇಳಿದ ಗಳಿಗೆಯಲ್ಲೇ ಸಿಕ್ಕಿಬೀಳುತ್ತಾನೆ ಎಂದೆ ನಾನು. ಇಂಥವನ ಜೊತೆ ನಮ್ಮ ಹುಡುಗಿ ನೆಮ್ಮದಿಯಾಗಿರುತ್ತಾಳೆ. ಮದುವೆಯಾಗಿ ಆರು ವರ್ಷವಾಯಿತು. ನನ್ನ ಲೆಕ್ಕ ತಪ್ಪಿಲ್ಲ."

ಕೊನೆಯ ಮಾತನ್ನು ಅವನು ಪುಸ್ತಕಕ್ಕೆ ಮುಖ ಬಗ್ಗಿಸಿ ಮೈಕಿನಿಂದಾಚೆಗೆ ಓದಿದ. ನಾರಾಯಣಪ್ಪನವರು ಕೂತಲ್ಲಿಂದಲೇ ಹೇಳಿದರು:

"ಕೊನೇದು ಸರ್ಯಾಗಿ ಕೇಳಿಸ್ನಿಲ್ಲ ಅಳಿಯಂದ್ರೇ. ಇನ್ನೊಂದ್ಸಲ ಓದಿ."

ಮಹದೇವ್ ಇನ್ನೊಂದು ಸಲ ಓದಿದ. ಈ ಸಲ ಹಿಂದಿನ ಬೆಂಚಿನವರೆಗೂ ಕೇಳಿಸಿತು. ಚಪ್ಪಾಳೆ ಬಂತು, ಮಧ್ವೇಶ್ ಎದ್ದು ನಿಂತು ಹೊಡೆದರು. ಅದು ತನಗಲ್ಲವೆಂದು ತಿಳಿದು ಮಹದೇವನೂ ಮಾವನ ಕಡೆ ತಿರುಗಿ ಚಪ್ಪಾಳೆ ಹೊಡೆದ.

ಸೀತಾ ಮೇಡಂ ಶಿಕ್ಷೆಯನ್ನು ಮರೆಯಲಿಲ್ಲ. ಮಕ್ಕಳು ಒಂದು ಪುಸ್ತಕ ಓದಿದ್ದಾರೆ, ಉಳಿದ ನಾಲ್ಕನ್ನು ದಸರಾ ರಜೆಯೊಳಗೆ ಓದಿ ಮುಗಿಸಬೇಕು. ಗ್ರಂಥಪಾಲಕರು ಒಂದನ್ನೂ ಓದಿಲ್ಲವಾದ್ದರಿಂದ ಅವರಿಗೆ ಐದು. ಆಮೇಲೆ ಜನ ನಾರಾಯಣಪ್ಪನವರ ಸಹಿಗಾಗಿ ಸಾಲು ನಿಂತರು. ಅವರು ಒಂದೊಂದೇ ಅಕ್ಷರ ಬಿಡಿಸಿ ಬರೆಯುತ್ತಾ, ರಟ್ಟಿನ ಮೇಲಿನ ಹೆಸರು ನೋಡಿ, ಇದನ್ನು ನಾನು ಯಾವಾಗ ಬರೆದೆ ಎಂದು ಹೆಂಡತಿಯನ್ನು ಕೇಳುತ್ತಿದ್ದರು. 'ಬೆಳ್ಳಿ ಬೂದಿ' ಎಂಬುದು ತಮ್ಮ ಹೆಸರಿಗಿಂತ ಚೆನ್ನಾಗಿದೆ ಎಂದು ಅಳಿಯನ ಬೆನ್ನು ತಟ್ಟಿದರು. ಅದು ಯಾವ ಟೈಲ್ಸೆಂದು ಮಹದೇವ್ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಅವನು ಕಾಲು ಚಾಚಿ ಕೂತು ಆ ಪುಟವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದ. ಕಲಾ ಕಾಫಿ ತಂದಿಟ್ಟಳು.

"ಇದರಲ್ಲಿ ಹೀಗಿದೆ ಅಂತ ನಿಂಗೆ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿಲ್ದೆ ಏನು. ಪ್ರೆಸ್ಸಿಗೆ ಕೊಡೋಕ್ ಮುಂಚೆ ತಪ್ಪೆಲ್ಲಾ ತಿದ್ದಿದ್ದೇ ನಾನು."

ಮಹದೇವ್ ಎದ್ದು ನೇರವಾಗಿ ಕೂತ. ಇಡೀ ದಿನದಲ್ಲಿ ಅವನಿಗೆ ಸಿಕ್ಕಿದ ಒಂದೇ ಹಿಡಿ ಅದು.

"ಹಂಗಾದ್ರೆ ಇದನ್ಯಾಕೆ ಬಿಟ್ಟೆ? ಹನ್ನೊಂದು ಬೋಂಡಾ ಅಂತ ಬರ್ದವ್ರೆ. ನಾನು ಅವತ್ತು ತಿಂದಿದ್ದು ಏಳೇ. ಮಾವ ಮರ್ತಿರ್ತಾರೆ, ನೀನಾದ್ರೂ ತಿದ್ಬಾರ್ದಾಗಿತ್ತಾ?"

"ಅಪ್ಪ ಏಳು ಅಂತಾನೇ ಬರ್ದಿದ್ರು" ಎಂದಳು ಕಲಾ. "ಹನ್ನೊಂದು ಅಂತ ತಿದ್ದಿದ್ದು ನಾನು. ಅವತ್ತು ಒಳಗೆ ಬೋಂಡಾ ಕರೀತಾ ಇದ್ದೋಳು ನಾನಲ್ವಾ, ಎಣಿಸ್ಕೊಂಡೇ ಕಳಿಸ್ತಿದ್ದೆ."